ರಾಗಿಗೆ ರಾಗಿಯೇ ಕಳೆ

ರಾಗಿ ಪೈರು ಒತ್ತಾಗಿ ಬಂದರೆ ನಮಗೆಲ್ಲ ಖುಷಿ, ಕೀಳೋಕೆ ಮನಸ್ಸು ಬರೋಲ್ಲ. 2023ರಲ್ಲಿ ನಾನೂ ಹಾಗೇ ಬಿಟ್ಟೆ. ಆಗಸ್ಟ್ ಮಳೆ ಕೈಕೊಟ್ಟಿತು. ಒತ್ತಾಗಿದ್ದ ಕಡೆ ಪೈರು ಮೊದಲು ಬಾಡಿತು. ತೆಂಡೆ ಒಡೆಯದೆ ಕಡ್ಡಿಯಂತೆ ಬೆಳೆದು, ಗಿಡಕ್ಕೊಂದು ಸಣ್ಣ ತೆನೆ ಬಿಟ್ಟಿತು. ದನ ತುಳಿದು ತೆಳ್ಳಗಾಗಿದ್ದ ಕಡೆಯೇ ನಾಲ್ಕೈದು ತೆಂಡೆ ಒಡೆದು ಕಾಳು ಕಟ್ಟಿತ್ತು!

ಕಾರಣ ಇಷ್ಟೆ. ಒಂದೇ ಜಾತಿಯ ಗಿಡಗಳ ಬೇರು ಒಂದೇ ಆಳದಲ್ಲಿ ಹುಡುಕುತ್ತವೆ, ಹಸಿವೂ ಒಂದೇ ಹೊತ್ತಿಗೆ. ನೀರು ಕಡಿಮೆಯಾದಾಗ ಯಾವುದಕ್ಕೂ ಸಾಲೋದಿಲ್ಲ. ಅಕ್ಕಡಿ ಸಾಲಿನ ತೊಗರಿ ಬೇರು ಇನ್ನೂ ಕೆಳಗಿಳಿಯುತ್ತದೆ, ಅದರ ಕಾಟ ಅಷ್ಟಿಲ್ಲ.

ಹಾವೇರಿ ಕಡೆಯ ಗುಳಿ ರಾಗಿ ಪದ್ಧತಿಯಲ್ಲಿ ಒಂದೂವರೆ ಅಡಿಗೊಂದು ಗುಳಿ, ಗುಳಿಗೆ ಎರಡೇ ಸಸಿ. ಜಾಗ ಸಿಕ್ಕ ಸಸಿ ತೆಂಡೆ ಒಡೆದು ತಾನೇ ಪೊದೆಯಾಗುತ್ತದೆ.

ಕೂರಿಗೆಯಲ್ಲಿ ಬಿತ್ತುವವರು 15-20 ದಿನಕ್ಕೆ, ನೆಲ ಹಸಿಯಿದ್ದಾಗ, ಹೆಚ್ಚಿನ ಪೈರು ಕಿತ್ತುಬಿಡಿ. ಸಾಲಿಗೆ ಒಂದಡಿ, ಗಿಡಕ್ಕೆ ನಾಲ್ಕಿಂಚು ಅಂತರ ಸಾಕು. ಕಿತ್ತದ್ದನ್ನು ಖಾಲಿ ಜಾಗಕ್ಕೆ ನೆಡಿ. ಖಾಲಿ ಬಿಟ್ಟರೆ ಕಳೆ ಏಳುತ್ತದೆ. ನಂಬಿಕೆ ಬಾರದಿದ್ದರೆ ಎರಡು ಸಾಲಿನಲ್ಲಾದರೂ ಮಾಡಿ, ಸುಗ್ಗಿಯಲ್ಲಿ ತೂಗಿ ನೋಡಿ.