ಕೊರಳಿನ ನಾಲ್ಕು ಕಾಳುಗಳು

1849ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಭಾರತದ ಖಡ್ಗಮೃಗವೊಂದು ಅಸುನೀಗಿತು. ಅದರ ಕಳೇಬರವನ್ನು ಕೊಯ್ದು ಪರೀಕ್ಷಿಸಿದ ರಿಚರ್ಡ್ ಓವನ್ ಎಂಬ ವಿಜ್ಞಾನಿಗೆ, ಕೊರಳಿನ ಥೈರಾಯಿಡ್ ಗ್ರಂಥಿಗೆ ಅಂಟಿಕೊಂಡಿದ್ದ ಹಳದಿ ಬಣ್ಣದ ಸಣ್ಣ ಗ್ರಂಥಿಯೊಂದು ಗೋಚರಿಸಿತು. ಮನುಷ್ಯನಲ್ಲಿಯೂ ಅಂತಹವು ಉಂಟೆಂದು 1880ರಲ್ಲಿ ವಿವರಿಸಿದವನು ಸ್ವೀಡನ್ ದೇಶದ ಐವಾರ್ ಸ್ಯಾಂಡ್‌ಸ್ಟ್ರೋಮ್. ಅಷ್ಟು ದೊಡ್ಡ ಪ್ರಾಣಿಯಲ್ಲಿ ಮೊದಲು ಸಿಕ್ಕಿದ ಈ ಪ್ಯಾರಾಥೈರಾಯಿಡ್ ಗ್ರಂಥಿ ಮನುಷ್ಯನಲ್ಲಿ ಒಂದು ಅಕ್ಕಿಕಾಳಿನಷ್ಟು ಮಾತ್ರ. ಸಾಮಾನ್ಯವಾಗಿ ಇವು ನಾಲ್ಕು ಇರುತ್ತವೆ.

ಇವುಗಳ ಕೆಲಸ ರಕ್ತದಲ್ಲಿನ ಸುಣ್ಣದಂಶದ, ಎಂದರೆ ಕ್ಯಾಲ್ಸಿಯಮ್ಮಿನ, ಕಾವಲು. ಅದು ತುಸು ಕಡಿಮೆಯಾಯಿತೆಂದರೆ ಗ್ರಂಥಿಗಳು ಒಂದು ಹಾರ್ಮೋನನ್ನು ಸ್ರವಿಸುತ್ತವೆ. ಎಲುಬೆಂಬ ಬೊಕ್ಕಸದಿಂದ ಆಗ ಕ್ಯಾಲ್ಸಿಯಂ ರಕ್ತಕ್ಕೆ ಬರುತ್ತದೆ. ಮೂತ್ರಪಿಂಡಗಳು ಕ್ಯಾಲ್ಸಿಯಮ್ಮನ್ನು ತಡೆದಿಟ್ಟುಕೊಂಡು ರಂಜಕವನ್ನು ಹೊರಗೆ ಹಾಕುತ್ತವೆ. 'ಡಿ' ಜೀವಸತ್ವವನ್ನು ಚುರುಕುಗೊಳಿಸಿ, ಆಹಾರದ ಕ್ಯಾಲ್ಸಿಯಂ ಕರುಳಿನಿಂದ ಹೀರಲ್ಪಡುವಂತೆ ಮಾಡುತ್ತವೆ.

ಮೂತ್ರಪಿಂಡಗಳೇ ಕೆಟ್ಟರೆ ಗತಿ ಏನು? ರಂಜಕ ರಕ್ತದಲ್ಲಿ ಉಳಿಯುತ್ತದೆ, ಜೀವಸತ್ವ ಚುರುಕಾಗದು, ಕ್ಯಾಲ್ಸಿಯಂ ಇಳಿಯುತ್ತದೆ. ಬಡಪಾಯಿ ಗ್ರಂಥಿಗಳು ಹಗಲಿರುಳೂ ದುಡಿದು ಉಬ್ಬತೊಡಗುತ್ತವೆ. ತಪ್ಪು ಅವುಗಳದಲ್ಲ, ಆದರೆ ದಂಡ ತೆರುವುದು ಎಲುಬು.

ಹಿಂದೆ ಈ ಕಷ್ಟ ಬಲಿಯುವಷ್ಟು ಕಾಲ ಬದುಕುವವರೇ ವಿರಳರಾಗಿದ್ದರು. 1960ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು, ರೋಗಿಯ ತೋಳಿನ ರಕ್ತನಾಳಗಳಲ್ಲಿ ಶಾಶ್ವತವಾಗಿ ಉಳಿಯುವ ಕೊಳವೆಯೊಂದನ್ನು ಅಳವಡಿಸಿ, ಪದೇ ಪದೇ ಡಯಾಲಿಸಿಸ್ ನಡೆಸುವ ದಾರಿ ತೋರಿದರು. ಅವರ ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್ ಅನಂತರ ಹನ್ನೊಂದು ವರ್ಷ ಬಾಳಿದನು. ಹೀಗೆ ಆಯುಷ್ಯ ಬೆಳೆದಂತೆ ಗ್ರಂಥಿಗಳ ಉಪದ್ರವವೂ ಬೆಳೆಯಿತು. ಡಯಾಲಿಸಿಸ್ ಯಂತ್ರ ರಕ್ತವನ್ನು ಶುದ್ಧಿಮಾಡಬಲ್ಲದೇ ಹೊರತು ಜೀವಸತ್ವವನ್ನು ಚುರುಕುಗೊಳಿಸಲಾರದು. ಜೀವಕೋಶಗಳಲ್ಲಿಯೂ ಎಲುಬಿನಲ್ಲಿಯೂ ಅಡಗಿರುವ ರಂಜಕ ವಾರಕ್ಕೆ ಮೂರು ಸಲದ ಶುದ್ಧಿಗೆ ಪೂರ್ತಿಯಾಗಿ ಸಿಕ್ಕುವುದೂ ಇಲ್ಲ.

ವರ್ಷಗಟ್ಟಲೆ ರೋಗಿಗೆ ಏನೂ ತಿಳಿಯದಿರಬಹುದು. ಆಮೇಲೆ ಎಲುಬಿನ ನೋವು, ತಡೆಯಲಾರದ ತುರಿಕೆ, ಸಣ್ಣ ಪೆಟ್ಟಿಗೇ ಮುರಿಯುವ ಮೂಳೆ. ಅದಕ್ಕಿಂತ ಭಯಂಕರವಾದುದೆಂದರೆ, ಎಲುಬಿನಲ್ಲಿರಬೇಕಾದ ಕ್ಯಾಲ್ಸಿಯಂ ರಕ್ತನಾಳಗಳ ಗೋಡೆಯಲ್ಲಿ, ಹೃದಯದ ಕವಾಟಗಳಲ್ಲಿ ಹರಳುಗಟ್ಟುವುದು. ಆದುದರಿಂದಲೇ, ನೋವಿಲ್ಲದಿದ್ದರೂ ವೈದ್ಯರು ಆಗಾಗ ರಕ್ತ ಪರೀಕ್ಷಿಸುತ್ತಾರೆ.

ಎಲುಬು ಸವೆದವರಿಗೆ ಹಾಲು ಕುಡಿಸುವುದು ಮನೆಯ ಹಿರಿಯರ ವಾಡಿಕೆ. ಇಲ್ಲಿ ಅದು ನಡೆಯದು. ಹಾಲಿನಲ್ಲಿ ಕ್ಯಾಲ್ಸಿಯಮ್ಮಿನ ಜೊತೆಗೆ ರಂಜಕವೂ ಧಾರಾಳವಾಗಿದೆ. ಅದನ್ನು ಕರುಳಿನಲ್ಲಿಯೇ ಹಿಡಿದುಹಾಕಲು ಮಾತ್ರೆಗಳಿವೆ. ಅವನ್ನು ಊಟದೊಡನೆಯೇ ನುಂಗಬೇಕು; ಕೈತೊಳೆದು ಎಷ್ಟೋ ಹೊತ್ತಾದ ಮೇಲೆ ನುಂಗಿದರೆ ಹೆಚ್ಚು ಫಲವಿಲ್ಲ. ಹಿಂದೆ ಇದಕ್ಕಾಗಿ ಅಲ್ಯೂಮಿನಿಯಮ್ ಔಷಧವನ್ನು ಕೊಡುತ್ತಿದ್ದರು. ಅದು ಮಿದುಳಿಗೂ ಎಲುಬಿಗೂ ವಿಷವೆಂದು ತಿಳಿದ ಮೇಲೆ ದೀರ್ಘಕಾಲದ ಬಳಕೆ ನಿಂತಿತು. ಚುರುಕುಗೊಳಿಸಿದ 'ಡಿ' ಜೀವಸತ್ವವೂ, 2004ರಲ್ಲಿ ಅಮೆರಿಕದಲ್ಲಿ ಮಂಜೂರಾದ ಸಿನಕ್ಯಾಲ್ಸೆಟ್ ಎಂಬ ಔಷಧವೂ ಗ್ರಂಥಿಗಳನ್ನು ಹದ್ದಿನಲ್ಲಿಡುತ್ತವೆ.

ಯಾವುದಕ್ಕೂ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆ. ಮೂರೂವರೆ ಗ್ರಂಥಿಗಳನ್ನು ತೆಗೆಯುವುದು ಒಂದು ಕ್ರಮ. ನಾಲ್ಕನ್ನೂ ತೆಗೆದು, ಕೆಲವು ಚೂರುಗಳನ್ನು ಮುಂದೋಳಿನ ಸ್ನಾಯುವಿನಲ್ಲಿ ನೆಡುವುದು ಇನ್ನೊಂದು. ಮುಂದೆ ಅವು ಅತಿಯಾಗಿ ಬೆಳೆದರೆ ಮತ್ತೆ ಕೊರಳನ್ನು ಕೊಯ್ಯದೆ ತೋಳಿನಲ್ಲಿಯೇ ಸರಿಪಡಿಸಬಹುದೆಂಬುದು ಈ ಜಾಣತನದ ಉದ್ದೇಶ. ಶಸ್ತ್ರಚಿಕಿತ್ಸೆಯ ಬಳಿಕ ಹಸಿದ ಎಲುಬು ರಕ್ತದ ಕ್ಯಾಲ್ಸಿಯಮ್ಮನ್ನು ಆತುರದಿಂದ ಹೀರಿಕೊಳ್ಳುತ್ತದೆ. ಬೆರಳು ಜುಮ್ಮೆಂದು ಸೆಟೆತ ಬರಬಹುದಾದ್ದರಿಂದ ಹಲವು ದಿನ ಕ್ಯಾಲ್ಸಿಯಮ್ಮನ್ನು ರಕ್ತನಾಳದ ಮೂಲಕ ಕೊಡಬೇಕಾಗುವುದುಂಟು.

ತಾಯಿಯೋ ಒಡಹುಟ್ಟಿದವರೋ ಕೊಟ್ಟ ಹೊಸ ಮೂತ್ರಪಿಂಡ ಕೆಲಸಮಾಡತೊಡಗಿದಾಗ ಮನೆಯಲ್ಲಿ ಹಬ್ಬ. ಬಹುಮಂದಿಯಲ್ಲಿ ಉಬ್ಬಿದ ಗ್ರಂಥಿಗಳು ತಿಂಗಳುಗಳು ಕಳೆದಂತೆ ಶಾಂತವಾಗುತ್ತವೆ. ಕೆಲವರಲ್ಲಿ ಮಾತ್ರ, ವರ್ಷಗಳಿಂದ ದುಡಿದ ಗ್ರಂಥಿಗಳಿಗೆ ನಿಲ್ಲುವುದೇ ಮರೆತಿರುತ್ತದೆ. ಈಗ ಆಜ್ಞೆ ಪಾಲಿಸಲು ಆರೋಗ್ಯವಂತ ಮೂತ್ರಪಿಂಡವೂ ಇರುವುದರಿಂದ ರಕ್ತದ ಕ್ಯಾಲ್ಸಿಯಂ ಏರುತ್ತದೆ, ರಂಜಕ ಇಳಿಯುತ್ತದೆ. ಆ ಏರಿದ ಕ್ಯಾಲ್ಸಿಯಂ, ಅಷ್ಟು ಕಷ್ಟಪಟ್ಟು ಪಡೆದ ಮೂತ್ರಪಿಂಡಕ್ಕೇ ಕೇಡು ತರಬಲ್ಲದು. ಏರಿಕೆ ತೀವ್ರವಾಗಿಲ್ಲದಿದ್ದರೆ ವೈದ್ಯರು ಸಾಮಾನ್ಯವಾಗಿ ಒಂದು ವರ್ಷ ಕಾದು ನೋಡಿ, ಆಗಲೂ ಇಳಿಯದಿದ್ದಲ್ಲಿ ಕೊರಳಿನ ಶಸ್ತ್ರಚಿಕಿತ್ಸೆಯ ಮಾತೆತ್ತುತ್ತಾರೆ.