ನೀರು ಒಂದೇ, ಲೋಹಗಳ ಗುಣ ಬೇರೆ ಬೇರೆ

ಅಡಿಕೆಗೆ ಹೆಸರಾದ ಚನ್ನಗಿರಿ ಸೀಮೆಯ ಹಳ್ಳಿಮನೆಗಳಲ್ಲಿ ಬಚ್ಚಲ ಒಲೆಯ ಮೇಲೆ ತಾಮ್ರದ ಹಂಡೆ, ಬಾವಿಕಟ್ಟೆಯಲ್ಲಿ ಕಬ್ಬಿಣದ ಬಕೆಟ್ಟು, ಎಲೆ-ಅಡಿಕೆ ತಟ್ಟೆಯಲ್ಲಿ ಸುಣ್ಣದ ಡಬ್ಬಿ ಕಾಣುವುದು ಅಪರೂಪವೇನಲ್ಲ. ಪ್ರೌಢಶಾಲೆಯ ರಸಾಯನಶಾಸ್ತ್ರದ ಒಂದು ಇಡೀ ಪಾಠ ಈ ಮೂರು ವಸ್ತುಗಳಲ್ಲೇ ಅಡಗಿದೆ.

ಹಂಡೆಯಲ್ಲಿ ತಲೆಮಾರುಗಟ್ಟಲೆ ನೀರು ಕಾಯಿಸಿದರೂ ತಾಮ್ರ ನೀರಿನ ತಂಟೆಗೆ ಹೋಗುವುದಿಲ್ಲ. ಬಕೆಟ್ಟಿಗೆ ಕೆಲವೇ ಮಳೆಗಾಲಗಳಲ್ಲಿ ತುಕ್ಕು ಹಿಡಿಯುತ್ತದೆ. ಸುಣ್ಣದೊಳಗಿನ ಕ್ಯಾಲ್ಸಿಯಂ ಲೋಹವನ್ನು ಬೇರ್ಪಡಿಸಿ ತಣ್ಣೀರಿಗೆ ಹಾಕಿದರೆ ಸಾಕು, ಗುಳುಗುಳು ಎಂದು ಜಲಜನಕದ ಗುಳ್ಳೆಗಳು ಏಳುತ್ತವೆ.

ಹೀಗೇಕೆ? ನೀರಿನ ಪ್ರತಿ ಅಣುವಿನಲ್ಲೂ ಎರಡು ಜಲಜನಕ, ಒಂದು ಆಮ್ಲಜನಕ ಪರಮಾಣುಗಳಿವೆ. ತನ್ನ ಹೊರಕವಚದ ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುವ ಲೋಹವು ಜಲಜನಕವನ್ನು ಹೊರಗಟ್ಟಿ ಆ ಜಾಗವನ್ನು ತಾನು ಹಿಡಿಯುತ್ತದೆ. ತಾಮ್ರ, ಬೆಳ್ಳಿ, ಚಿನ್ನಗಳು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಬಿಟ್ಟುಕೊಡುವವರ ಸಾಲಿನ ಮುಂಚೂಣಿಯಲ್ಲಿ ಪೊಟ್ಯಾಸಿಯಂ ಮತ್ತು ಸೋಡಿಯಂ ಇವೆ. ಇಂಗ್ಲೆಂಡಿನ ಹಂಫ್ರಿ ಡೇವಿ 1807ರಲ್ಲಿ ವಿದ್ಯುತ್ ಹಾಯಿಸಿ ಇವೆರಡನ್ನೂ, ಮರುವರ್ಷ ಕ್ಯಾಲ್ಸಿಯಂ ಅನ್ನೂ ಬೇರ್ಪಡಿಸಿದ. ನೀರಿಗೆ ಬಿದ್ದ ಸೋಡಿಯಂ ಚೂರು ಕ್ರಿಯೆಯ ಶಾಖಕ್ಕೇ ಕರಗಿ, ಗೋಲಿಯಂತಾಗಿ ನೀರಿನ ಮೇಲೆ ಸುಯ್ಯೆಂದು ಓಡಾಡುತ್ತದೆ. ಪೊಟ್ಯಾಸಿಯಂ ಆದರೆ ಜಲಜನಕ ಹೊತ್ತಿಕೊಂಡು ನಸು ನೇರಳೆ ಬಣ್ಣದ ಜ್ವಾಲೆ ಏಳುತ್ತದೆ. ಆದ್ದರಿಂದಲೇ ಇವುಗಳನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಡುತ್ತಾರೆ. ಉರಿಯುವ ಮೆಗ್ನೀಸಿಯಂ ಹಬೆಯಲ್ಲೂ ಉರಿಯುತ್ತದೆ. ಆ ಬೆಂಕಿಗೆ ನೀರು ಸುರಿಯಲೇಬಾರದು.

ಅಲ್ಯೂಮಿನಿಯಂ ಕೂಡ ಚುರುಕು ಲೋಹವೇ. ಆದರೆ ಅದರ ಮೈಮೇಲೆ ತಾನಾಗಿ ಮೂಡುವ ತೆಳು ಆಕ್ಸೈಡ್ ಪೊರೆ ಅಡುಗೆ ಪಾತ್ರೆಯನ್ನು ಕಾಪಾಡುತ್ತದೆ. ಕೆಂಪಗೆ ಕಾದ ಕಬ್ಬಿಣ ಹಬೆಯಿಂದ ಜಲಜನಕವನ್ನು ಬಿಡಿಸಬಲ್ಲದು. ತಣ್ಣನೆಯ ಕಬ್ಬಿಣ ತುಕ್ಕು ಹಿಡಿಯಲು ಮಾತ್ರ ನೀರಿನ ಜೊತೆಗೆ ಆಮ್ಲಜನಕವೂ ಬೇಕು. ಇದನ್ನು ವಿದ್ಯಾರ್ಥಿಗಳು ಮನೆಯಲ್ಲೇ ಪರೀಕ್ಷಿಸಬಹುದು. ಕುದಿಸಿ ಆರಿಸಿದ ನೀರಿನಲ್ಲಿ ಹೊಸ ಮೊಳೆ ಹಾಕಿ, ಮೇಲೆ ಎಣ್ಣೆಯ ಪದರ ಸುರಿಯಿರಿ. ಇನ್ನೊಂದು ಮೊಳೆಯನ್ನು ಬೇರೊಂದು ಲೋಟದ ತೆರೆದ ನೀರಿನಲ್ಲಿಡಿ. ವಾರ ಕಳೆದ ಮೇಲೆ ಎರಡನ್ನೂ ಹೋಲಿಸಿ ನೋಡಿ.

ಪೋಷಕರು ಗಮನಿಸಬೇಕಾದದ್ದು ಸುಣ್ಣದ ಡಬ್ಬಿಯನ್ನು. ಸುಟ್ಟ ಸುಣ್ಣಕ್ಕೆ ನೀರು ಬಿದ್ದಾಗ ಕೊತಕೊತ ಕುದಿದು ಅರಳುತ್ತದೆ. ಅರಳಿ ತಣ್ಣಗಾದ ಸುಣ್ಣವೂ ತೀಕ್ಷ್ಣ ಕ್ಷಾರವೇ. ಮಕ್ಕಳು ಆಟವಾಡುತ್ತ ಸುಣ್ಣದ ಪೊಟ್ಟಣ ಹಿಸುಕಿದಾಗ ಅದು ಕಣ್ಣಿಗೆ ಸಿಡಿದು ದೃಷ್ಟಿಯೇ ಹೋಗುವ ಪ್ರಸಂಗಗಳನ್ನು ನೇತ್ರವೈದ್ಯರು ಬಲ್ಲರು. ಅಂಥ ಹೊತ್ತಿನಲ್ಲಿ ಕಣ್ಣು ಉಜ್ಜಬಾರದು, ತುಪ್ಪ-ಎಣ್ಣೆ ಹಾಕಬಾರದು. ಆ ಕ್ಷಣದಿಂದಲೇ ಕಣ್ಣನ್ನು ಅಗಲಿಸಿ ಹಿಡಿದು, ಶುದ್ಧ ನೀರಿನಿಂದ ಕನಿಷ್ಠ ಇಪ್ಪತ್ತು ನಿಮಿಷ ಬಿಡದೆ ತೊಳೆದು ಆಸ್ಪತ್ರೆಗೆ ಕರೆದೊಯ್ಯಬೇಕು.

ಶಾಲೆಯ ಸೋಡಿಯಂ ಬೀಗ ಹಾಕಿದ ಬೀರುವಿನಲ್ಲಿ ಇರುತ್ತದೆ. ಮನೆಯ ಸುಣ್ಣಕ್ಕೂ ಮಕ್ಕಳ ಕೈಗೆಟುಕದ ಒಂದು ಗೂಡು ಬೇಕು.