ಮಾಲ್‌ಗಳ ಬಾಗಿಲಲ್ಲಿ ನಮ್ಮ ಯುವಜನ

ನಾಟಕದ ತಾಲೀಮು ಮುಗಿಸಿದ ನಮ್ಮ ಸಂಘದ ಐದಾರು ಕಾಲೇಜು ವಿದ್ಯಾರ್ಥಿಗಳು ಇತ್ತೀಚೆಗೆ ಮುಂಬಯಿ ಉಪನಗರದ ಮಾಲ್ ಒಂದರ ಮೆಟ್ಟಿಲ ಮೇಲೆ ಮಾತನಾಡುತ್ತ ಕುಳಿತಿದ್ದರು. ಏನನ್ನೂ ಕೊಳ್ಳದವರು ಇಲ್ಲಿ ಕುಳಿತಿರಬಾರದೆಂದು ಕಾವಲುಗಾರರು ಅವರನ್ನು ಎಬ್ಬಿಸಿ ಕಳುಹಿಸಿದರು. ‘ನಾವು ಮಾಡಿದ ತಪ್ಪೇನು?’ ಎಂಬ ಅವರ ಪ್ರಶ್ನೆಗೆ ಹಿರಿಯರಾದ ನಮ್ಮಲ್ಲಿ ಒಡನೆ ಉತ್ತರವಿರಲಿಲ್ಲ.

ಈ ಪ್ರಶ್ನೆ ಮುಂಬಯಿಗೆ ಹೊಸದಲ್ಲ. 1999ರಲ್ಲಿ ಹಾಜಿ ಅಲಿಯ ಸಮೀಪ ತೆರೆದ ‘ಕ್ರಾಸ್‌ರೋಡ್ಸ್’ ಮಾಲ್, ಮೊದಮೊದಲು ಕ್ರೆಡಿಟ್ ಕಾರ್ಡ್ ಅಥವಾ ಮೊಬೈಲ್ ಫೋನ್ ತೋರಿಸಿದವರನ್ನು ಮಾತ್ರ ಉಚಿತವಾಗಿ ಒಳಬಿಡುತ್ತಿತ್ತು. ಉಳಿದವರು 60 ರೂಪಾಯಿ ತೆರಬೇಕಾಗಿತ್ತು. ಸ್ವಂತ ಆದಾಯವಿಲ್ಲದವರಿಗೆ ಕಾರ್ಡ್ ದೊರೆಯುವುದು ಎಷ್ಟು ಕಷ್ಟವೆಂಬುದನ್ನು ಬ್ಯಾಂಕಿನಲ್ಲಿ ದುಡಿಯುವ ನಾವು ಬಲ್ಲೆವು. ವಿರೋಧ ವ್ಯಕ್ತವಾದ ಬಳಿಕ ಆ ನಿಯಮ ಉಳಿಯಲಿಲ್ಲ.

ಕಾನೂನು ಏನೆನ್ನುತ್ತದೆ? ಧರ್ಮ, ಜನಾಂಗ, ಜಾತಿ, ಲಿಂಗ ಅಥವಾ ಜನ್ಮಸ್ಥಳದ ಕಾರಣದಿಂದಲೇ ಯಾವ ನಾಗರಿಕನಿಗೂ ಅಂಗಡಿ, ಹೋಟೆಲು, ಸಾರ್ವಜನಿಕ ಮನರಂಜನಾ ಸ್ಥಳಗಳ ಪ್ರವೇಶವನ್ನು ನಿರಾಕರಿಸಲಾಗದೆಂದು ಸಂವಿಧಾನದ 15(2)ನೆಯ ವಿಧಿ ಸಾರುತ್ತದೆ. ಈ ನಿಷೇಧ ಖಾಸಗಿಯವರಿಗೂ ಅನ್ವಯಿಸುತ್ತದೆ. ಆದರೆ ಆ ಪಟ್ಟಿಯಲ್ಲಿ ವಯಸ್ಸಿನ ಉಲ್ಲೇಖವಿಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿತು. 18 ವರ್ಷದೊಳಗಿನವರಿಗೆ ಶಾಂತಿಯುತವಾಗಿ ಕೂಡುವ ಹಕ್ಕನ್ನು ಅದರ 15ನೆಯ ವಿಧಿಯೂ, ವಿರಾಮ ಹಾಗೂ ಆಟದ ಹಕ್ಕನ್ನು 31ನೆಯ ವಿಧಿಯೂ ಮನ್ನಿಸುತ್ತವೆ. ಆದರೆ ಆ ಒಡಂಬಡಿಕೆಗೆ ಬದ್ಧವಾಗಿರುವುದು ಸರಕಾರವೇ ಹೊರತು ಮಾಲ್‌ನ ಮಾಲೀಕರಲ್ಲ.

ಮಾಲ್ ಬೇಡವೆಂದರೆ ಯುವಜನರು ಹೋಗುವುದಾದರೂ ಎಲ್ಲಿಗೆ? ಮುಂಬಯಿಯ ಗಿರಣಿಗಳ ಭೂಮಿಯನ್ನು ಬೇರೆ ಬಳಕೆಗೆ ತೆರೆದಾಗ, ಅದರ ಸುಮಾರು ಮೂರನೆಯ ಒಂದು ಭಾಗ ಸಾರ್ವಜನಿಕ ಬಯಲಿಗೆ ಸಲ್ಲಬೇಕೆಂದು 1991ರ ನಿಯಮಾವಳಿ ಹೇಳಿತ್ತು. 2001ರ ತಿದ್ದುಪಡಿ ಈ ಹಂಚಿಕೆಯನ್ನು ಕಟ್ಟಡವಿಲ್ಲದ ಖಾಲಿ ಜಾಗಕ್ಕಷ್ಟೇ ಸೀಮಿತಗೊಳಿಸಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಹೀಗೆ ನಗರಕ್ಕೆ ದೊರೆಯಬೇಕಿದ್ದ ಬಯಲು ಕಿರಿದಾಯಿತು. ಲೋವರ್ ಪರೇಲ್‌ನ ಫೀನಿಕ್ಸ್‌ನಂತಹ ಗಿರಣಿಯ ನೆಲದಲ್ಲಿ ಮಾಲ್ ತಲೆಯೆತ್ತಿತು. ಬಯಲನ್ನು ಕಳೆದುಕೊಂಡ ಮಕ್ಕಳನ್ನು ಮಾಲ್‌ನಿಂದಲೂ ಹೊರಗಟ್ಟುವುದು ಯಾವ ನ್ಯಾಯ?

ವ್ಯಾಪಾರಿಗಳ ಕಷ್ಟವನ್ನು ನಾವು ಅಲ್ಲಗಳೆಯುವುದಿಲ್ಲ. ಗದ್ದಲ, ಕೀಟಲೆಗಳನ್ನು ಯಾರೂ ಸಹಿಸಬೇಕಿಲ್ಲ. ಆದರೆ ನಿಯಮವು ನಡತೆಯನ್ನು ನೋಡಬೇಕೇ ಹೊರತು ವಯಸ್ಸನ್ನಾಗಲಿ, ಜೇಬನ್ನಾಗಲಿ ಅಲ್ಲ. ಅದನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಿ, ಎಲ್ಲರಿಗೂ ಸಮಾನವಾಗಿ ಅನ್ವಯಿಸಬೇಕು.

ನಮ್ಮ ಹೊಣೆಯೂ ಇದೆ. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಕಲಿತ ಮುಂಬಯಿ ಕನ್ನಡಿಗರ ಹಿಂದಿನ ತಲೆಮಾರಿಗೆ ಚೌಪಾಟಿ, ಮೈದಾನಗಳೇ ಚಾವಡಿಯಾಗಿದ್ದವು. ಅಲ್ಲಿ ಕೂರಲು ಯಾರೂ ರಸೀದಿ ಕೇಳುತ್ತಿರಲಿಲ್ಲ. ಇಂದು ಕಾರ್ಯಕ್ರಮಗಳಿಲ್ಲದ ಸಂಜೆಗಳಲ್ಲಿ ನಮ್ಮ ಸಂಘಗಳ ಸಭಾಗೃಹಗಳಿಗೆ ಬೀಗ ಬಿದ್ದಿರುತ್ತದೆ. ಮಾಲ್‌ನವರನ್ನು ಪ್ರಶ್ನಿಸುವ ಮುನ್ನ ಆ ಬೀಗವನ್ನು ನಾವೇ ತೆರೆಯೋಣ.